ಗುರುತು ಮುಚ್ಚಿದವಳು

ಲಮಾಂಟನ ಕುತ್ತಿಗೆಯ ಮೇಲಿದ್ದ ಗುರುತನ್ನು ಮುಚ್ಚಲು ಕಿಯೋನಾಗೆ ನಲವತ್ತು ನಿಮಿಷ ಹಿಡಿಯಿತು.

ಮೊದಲು ಮೇಣ. ಬೆರಳುಗಳ ನಡುವೆ ಹೊಸೆದು ಹೊಸೆದು ಬಿಸಿ ಮಾಡಬೇಕು. ಸತ್ತ ಮೈಯಲ್ಲಿ ಬಿಸಿ ಇಲ್ಲ, ಬದುಕಿದವರ ಕೈಯಿಂದಲೇ ಅದು ಬರಬೇಕು. ಆಮೇಲೆ ಬಣ್ಣ. ಕಂಪನಿಯಿಂದ ಬರುವ ಹತ್ತು ಡಬ್ಬಿಯಲ್ಲಿ ಎಂಟು ಬಿಳಿಯರ ಚರ್ಮಕ್ಕೆ. ಉಳಿದ ಎರಡು ಕಪ್ಪು ಜನರಾದ ನಮಗೆ, ನಮ್ಮ ಜನರೆಲ್ಲ ಎರಡೇ ಬಣ್ಣದವರು ಎಂಬ ಹಾಗೆ. ಕಿಯೋನಾ ಆ ಡಬ್ಬಿಗಳನ್ನು ನಂಬುತ್ತಿರಲಿಲ್ಲ. ಒಂದಿಷ್ಟು ಕೆಂಪು, ಒಂದಿಷ್ಟು ಹಳದಿ, ಉಗುರಿನ ತುದಿಯಷ್ಟು ನೀಲಿ, ತಾನೇ ಕಲಸಿ ಮುಂಗೈ ಮೇಲೆ ಹಚ್ಚಿ ನೋಡುತ್ತಿದ್ದಳು. ಅಲಬಾಮದ ಆ ವಿಲೋ ಫೋರ್ಡ್ ಊರಿನಲ್ಲಿ ಅವಳಿಗೆ ಹೆಸರು ಬಂದದ್ದು ಅದರಿಂದಲೇ. ಪ್ರೂಯಿಟ್‌ರ ಶವಸಂಸ್ಕಾರದ ಮನೆಗೆ ಹೋದ ಹೆಣ ಬೂದಿ ಬಣ್ಣಕ್ಕೆ ತಿರುಗಿ ಬರುವುದಿಲ್ಲ, ಅವರವರ ಹಾಗೇ ಬರುತ್ತದೆ ಅಂತ ಜನ ಹೇಳುತ್ತಿದ್ದರು.

ಊರಲ್ಲಿ ಅಂಥ ಮನೆಗಳು ಎರಡು. ಒಂದು ಬಿಳಿಯರದು, ಒಂದು ನಮ್ಮದು. ಕಾನೂನು ಹಾಗಂತ ಹೇಳುವುದಿಲ್ಲ. ಆದರೂ ಯಾರೂ ತಪ್ಪಿ ಆಚೆ ಕಡೆ ಹೋಗಿಲ್ಲ.

ಗುರುತು ಒಂದು ಕಿವಿಯ ಕೆಳಗಿನಿಂದ ಇನ್ನೊಂದು ಕಿವಿಯ ಕೆಳಗಿನವರೆಗೆ ಇತ್ತು. ಮೂರು ಬೆರಳಗಲ. ಕಪ್ಪು ಚರ್ಮದ ಮೇಲೆ ಅಂಥ ಪೆಟ್ಟು ಕೆಂಪಗೆ ಏಳುವುದಿಲ್ಲ. ಆ ಜಾಗದ ಹೊಳಪು ಸಾಯುತ್ತದೆ, ಅಷ್ಟೇ. ನೆನೆದ ಇದ್ದಿಲಿನ ಹಾಗೆ. ಕೌಂಟಿಯ, ಅಂದರೆ ಜಿಲ್ಲೆಯ, ಶವಪರೀಕ್ಷಕ ಬಿಳಿಯ ಮನುಷ್ಯ. ದೀಪದ ಕೆಳಗೆ ನಿಂತು ನೋಡಿ, ಮೈಮೇಲೆ ಗುರುತುಗಳಿಲ್ಲ, ಹೃದಯ ನಿಂತು ಸಾವು ಅಂತ ಬರೆದು ಕಳಿಸಿದ್ದ. ಕೊಯ್ದು ನೋಡುವ ಗೋಜಿಗೆ ಹೋಗಿರಲಿಲ್ಲ.

ಕಿಯೋನಾಗೆ ಕಂಡಿತು. ಇಪ್ಪತ್ತಾರು ವರ್ಷದ ಅವಳು ಏಳು ವರ್ಷದಿಂದ ಕಪ್ಪು ಚರ್ಮವನ್ನು ಬಿಟ್ಟು ಬೇರೇನನ್ನೂ ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ರೆಪ್ಪೆ ಎತ್ತಿದಾಗ ಕಣ್ಣಿನ ಬಿಳುಪಿನಲ್ಲಿ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು ಕಂಡವು, ಉಸಿರು ಕಟ್ಟಿ ಸತ್ತವರಲ್ಲಿ ಕಾಣುವಂಥವು. ಮೈ ತೊಳೆಯಲು ಮಗ್ಗುಲಿಗೆ ಹೊರಳಿಸಿದಾಗ ಬೆನ್ನು ಕಂಡಿತು. ಎರಡು ಹೆಗಲ ಮೂಳೆಗಳ ನಡುವೆ ಬೂಟಿನ ಹಿಮ್ಮಡಿಯ ಗುರುತು. ಅಡಿಯ ಗೀರುಗಳು ಸಹ ಮೂಡಿದ್ದವು.

ಆಚೆ ಕಡೆ ಭುಜ ಹಿಡಿದು ನಿಂತಿದ್ದವರು ಯಜಮಾನರು, ಮಿಸ್ಟರ್ ಪ್ರೂಯಿಟ್. ಅವರೂ ನೋಡಿದರು. ಕಿಯೋನಾ ಅವರ ಮುಖ ನೋಡಿದಳು. ಅವರು ನಲ್ಲಿ ಕಡೆ ನೋಡಿದರು.

"ನೀರು ಬಿಸಿ ಜಾಸ್ತಿ ಆಯ್ತು, ಕಡಿಮೆ ಮಾಡು," ಅಂದರು.

ನೀರು ತಣ್ಣಗೇ ಇತ್ತು. ಅವಳು ನಲ್ಲಿ ತಿರುಗಿಸಿದಳು.

"ಕುತ್ತಿಗೆ ಕಡೆ ಸ್ವಲ್ಪ ಗಮನ ಕೊಡು. ಚರ್ಚಲ್ಲಿ ಜನ ನೋಡೋ ಹಾಗೆ ಪೆಟ್ಟಿಗೆ ತೆರೆದಿಡಬೇಕು ಅಂದಿದಾರೆ ಅವನ ತಾಯಿ. ಬೆನ್ನಿಗೆ ಕೈ ಹಾಕಬೇಡ. ಕೋಟು ಬರುತ್ತೆ, ಯಾರಿಗೂ ಕಾಣಲ್ಲ."

ಅವಳು ಕುತ್ತಿಗೆಗೆ ಗಮನ ಕೊಟ್ಟಳು. ಆ ನಲವತ್ತು ನಿಮಿಷದಲ್ಲಿ ಒಂದು ಸಲವೂ ಅವಳ ಕೈ ನಡುಗಲಿಲ್ಲ. ಅವಳಿಗೆ ಆಮೇಲೆ ನಿದ್ದೆ ಬಿಡಿಸಿದ್ದು ಅದೇ. ನಡುಗಬೇಕಿತ್ತು. ಅದರ ಬದಲು, ಮೇಣದ ಅಂಚು ಚರ್ಮದೊಳಗೆ ಕರಗಿ ಎಲ್ಲಿ ಶುರು ಎಲ್ಲಿ ಕೊನೆ ಎಂದು ತಿಳಿಯದಂತಾದಾಗ ಅವಳಿಗೆ ಖುಷಿಯಾಗಿತ್ತು.

ಲಮಾಂಟ್‌ಗೆ ಇಪ್ಪತ್ಮೂರು. ಮೀನು ಕರಿಯುವ ಅಂಗಡಿಯಲ್ಲಿ ಕೆಲಸ. ಮಧ್ಯಾಹ್ನ ಮೂರು ಗಂಟೆಗೆ ಬಸ್ಸಿಗೆ ಕಾಯುತ್ತಿದ್ದ. ಯಾರನ್ನೋ ಹೋಲುತ್ತಾನೆ ಅಂತ ಇಬ್ಬರು ಪೊಲೀಸರು ಇಳಿದರು. ಅವರ ಎದೆಗೆ ಕಟ್ಟಿದ್ದ ಎರಡು ಕ್ಯಾಮೆರಾಗಳೂ ಅದೇ ಹೊತ್ತಿಗೆ ಕೆಟ್ಟವು. ಠಾಣೆಗೆ ಹೋಗುವ ದಾರಿಯಲ್ಲಿ, ಕಾರಿನ ಹಿಂದಿನ ಸೀಟಿನಲ್ಲಿ, ಅವನ ಹೃದಯ ತಾನಾಗಿಯೇ ನಿಂತಿತು. ಪೊಲೀಸರ ಕಾಗದದಲ್ಲಿ ಹಾಗೇ ಇದೆ.

ಸಂಜೆ ಅವನ ತಾಯಿ, ಊರೆಲ್ಲ ಗೌರವದಿಂದ ಮಿಸ್ ಆಲ್ಮೆಟಾ ಅನ್ನುವವರು, ಬಟ್ಟೆ ತಂದರು. ನೀಲಿ ಸೂಟು, ಕೆಳಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ. ಅವರು ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ದುಡಿದವರು. ಹಜಾರದ ಕುರ್ಚಿಯಲ್ಲಿ ಬಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಕಿಯೋನಾ ಕೈ ಚಾಚಿದರೆ ಕೊಡಲಿಲ್ಲ.

"ನೀನೇನಾ ಅವನನ್ನ ನೋಡ್ಕೊಳ್ತಿರೋದು?"

"ಹೌದು ಮ್ಯಾಮ್."

"ನನ್ನ ಮುಖ ನೋಡಿ ಹೇಳು ಮಗಳೇ. ನನ್ನ ಮಗೂಗೆ ನೋವಾಗಿತ್ತಾ?"

ಆ ಹಜಾರದಲ್ಲಿ ಎಲ್ಲ ತಾಯಂದಿರೂ ಕೇಳುವ ಪ್ರಶ್ನೆ ಅದು. ಎಲ್ಲರಿಗೂ ಒಂದೇ ಉತ್ತರ. ಕಾರು ಗುದ್ದಿದವರ ತಾಯಿಗೂ ಅದೇ, ಕ್ಯಾನ್ಸರ್ ತಿಂದವರ ತಾಯಿಗೂ ಅದೇ. ಅದು ಸುಳ್ಳು ಅಂತ ಅಲ್ಲಿ ಯಾರೂ ಅಂದುಕೊಂಡಿರಲಿಲ್ಲ. ಹೆಣಕ್ಕೆ ತಲೆ ಬಾಚುವ ಹಾಗೆ, ಅದೂ ಒಂದು ಕೆಲಸ.

"ಇಲ್ಲ ಮಿಸ್ ಆಲ್ಮೆಟಾ. ನಿದ್ದೆ ಹೋದ ಹಾಗಿದಾನೆ. ಮೈಮೇಲೆ ಒಂದು ಗೀರೂ ಇಲ್ಲ."

ಕೊನೆಯ ಮಾತನ್ನು ಯಾರೂ ಕೇಳಿರಲಿಲ್ಲ. ಅವಳಾಗಿಯೇ ಸೇರಿಸಿದಳು.

ಮಿಸ್ ಆಲ್ಮೆಟಾ ಬಟ್ಟೆ ಕೊಟ್ಟರು. ಅವಳ ಎರಡೂ ಕೈ ಹಿಡಿದು, ಅಂಗೈಗೆ ಮುತ್ತಿಟ್ಟರು. ಮೇಣದ ವಾಸನೆ ಇನ್ನೂ ಹೋಗಿರಲಿಲ್ಲ.

ಮನೆಗೆ ಕಳಿಸುವ ದಿನ, ಅಂತ್ಯಸಂಸ್ಕಾರಕ್ಕೆ ನಾವು ಹಾಗನ್ನುತ್ತೇವೆ, ಚರ್ಚು ತುಂಬಿತ್ತು. ಪೆಟ್ಟಿಗೆಯ ಮುಂದೆ ಸಾಲು ಹೋಗುತ್ತಿತ್ತು. ಕಿಯೋನಾ ಹಿಂದಿನ ಗೋಡೆಗೆ ಒರಗಿ ನಿಂತಿದ್ದಳು. ಅವಳದು ಯಾವಾಗಲೂ ಆ ಜಾಗವೇ. ಸ್ಕೂಲು ಬಿಟ್ಟ ಮೇಲೆ ಜನರ ನಡುವೆ ನಿಲ್ಲುವುದನ್ನೂ ಅವಳು ಬಿಟ್ಟಿದ್ದಳು.

"ಅಯ್ಯೋ, ಅವನೇ ಕಣೇ. ಅವನೇ ಎದ್ದು ಕೂತ ಹಾಗಿದೆ."

"ಬದುಕಿದ್ದಾಗ ಒಂದಿನ ಇಷ್ಟು ನೀಟಾಗಿ ತಲೆ ಬಾಚ್ಕೊಂಡಿರ್ಲಿಲ್ಲ ಪಾಪಿ."

"ನಾನು ಹೋದ್ರೆ ಈ ಹುಡುಗಿ ಕೈಗೇ ಕೊಡಿ. ಹತ್ತು ವರ್ಷ ಕಡಿಮೆ ಕಾಣಿಸ್ಬೇಕು ನಾನು."

"ಹತ್ತು ವರ್ಷಕ್ಕೆ ಮೇಣ ಸಾಲಲ್ಲ ಬಿಡು ನಿಂಗೆ. ಸಿಮೆಂಟೇ ತರಿಸ್ಬೇಕು."

ಅಳುತ್ತಲೇ ನಕ್ಕರು. ನಮ್ಮ ಚರ್ಚಿನಲ್ಲಿ ಹಾಗೇ. ಯಾರೋ ಲಮಾಂಟನ ಫೋಟೋ ತೆಗೆದರು. ತಾಯಿಯೇ ತೆಗೆಸಿದ್ದು.

ಆರು ವಾರ ಕಳೆಯಿತು. ಕಾಲೇಜು ಹುಡುಗ ಹುಡುಗಿಯರು ಬೀದಿಗೆ ಬಂದರು. ಆ ಇಬ್ಬರು ಪೊಲೀಸರ ಹೆಸರು ಹೇಳಿ, ಕ್ಯಾಮೆರಾ ಯಾಕೆ ಕೆಟ್ಟಿತು ಹೇಳಿ, ಗೋರಿ ತೆರೆದು ಸರಿಯಾಗಿ ಪರೀಕ್ಷೆ ಮಾಡಿಸಿ ಅಂತ ಪಟ್ಟು ಹಿಡಿದರು. ಊರ ಸಭೆ ಒಂದು ವಿಚಾರಣೆ ಕರೆಯಿತು. ಮಂಗಳವಾರ ಬೆಳಿಗ್ಗೆ ಹತ್ತಕ್ಕೆ, ದುಡಿಯುವವರು ಯಾರೂ ಬರಲಾಗದ ಹೊತ್ತಿಗೆ. ಗೋರಿ ತೆರೆಯಲು ಕೋರ್ಟನ್ನು ಕೇಳಬೇಕೋ, ಫೈಲು ಮುಚ್ಚಬೇಕೋ, ಅಂದೇ ತೀರ್ಮಾನ.

ಶನಿವಾರ ಮಿಸ್ ಆಲ್ಮೆಟಾ ಕಿಯೋನಾಳ ಮನೆಗೆ ತಲೆ ಬಾಚಿಸಿಕೊಳ್ಳಲು ಬಂದರು. ವಾರವೆಲ್ಲ ಸತ್ತವರ ತಲೆ, ಶನಿವಾರ ಅಡುಗೆಮನೆಯಲ್ಲಿ ಬದುಕಿದ ಹೆಂಗಸರದು. ಒಲೆಯ ಮೇಲೆ ಗುಂಗುರು ಕೂದಲು ನೇರ ಮಾಡುವ ಕಬ್ಬಿಣದ ಬಾಚಣಿಗೆ ಕಾಯುತ್ತಿತ್ತು.

"ಮೆಲ್ಲಗೆ ಎಳಿ ಮಗಳೇ. ನಿನ್ನ ಉಳಿದ ಗಿರಾಕಿಗಳು ನೋವು ಅನ್ನಲ್ಲ, ನಾನು ಅಂತೀನಿ."

ಕಿಯೋನಾಗೆ ನಗು ಬರಲಿಲ್ಲ. "ಕಿವಿ ಮಡಚಿ ಹಿಡ್ಕೊಳ್ಳಿ," ಅಂದಳು.

ಮಿಸ್ ಆಲ್ಮೆಟಾ ಕಿವಿ ಮಡಚಿ ಹಿಡಿದರು. ಕಿವಿಯ ಕೆಳಗಿನ ಕುತ್ತಿಗೆ ಕಂಡಿತು. ಮಗನದೇ ಬಣ್ಣ. ಅದೇ ಕೆಂಪು, ಅದೇ ಹಳದಿ, ಉಗುರಿನ ತುದಿಯಷ್ಟು ನೀಲಿ.

"ಮಂಗಳವಾರ ಸಭೆಗೆ ಹೋಗ್ತಿದೀನಿ," ಅಂದರು. "ಹೆಸರು ಬರೆಸಿದೀನಿ. ಅಗೀಬೇಡಿ ಅಂತ ಹೇಳಕ್ಕೆ."

ಬಾಚಣಿಗೆ ನಿಂತಿತು.

"ಆ ಹುಡುಗರು ಒಳ್ಳೇವ್ರೇ. ನನ್ನ ಮಗನಿಗೋಸ್ಕರ ಬಿಸ್ಲಲ್ಲಿ ನಿಂತಿದಾರೆ. ಆದ್ರೆ ಅವರ್ಯಾರೂ ಅವನನ್ನ ನೋಡಿಲ್ಲ. ನೀನು ನೋಡಿದೀಯ. ಹೊಡೆದಿದ್ರೆ ನಂಗೆ ಹೇಳ್ತಿದ್ದೆ ತಾನೇ? ಮಲಗಿರೋ ಮಗೂನ ಕಿತ್ತು ಮತ್ತೆ ಮೇಜಿನ ಮೇಲೆ ಹಾಕಿ ಕೊಯ್ಯೋದು ಯಾವ ಸುಖಕ್ಕೆ? ಎದೆ ವೀಕ್ ಇತ್ತೇನೋ. ನಮ್ಮಪ್ಪಂಗೂ ಇತ್ತು." ಕಿವಿ ಹಿಡಿದ ಕೈ ಬದಲಿಸಿದರು. "ಪೊಲೀಸ್ ಮುಖ್ಯಸ್ಥ ನನ್ನ ಮನೆಗೆ ಬಂದಿದ್ದ. ಹ್ಯಾಟು ತೆಗೆದು ಕೂತ. ನೀನು ಹೇಳಿದ್ದನ್ನೇ ನಾನು ಅವನಿಗೆ ಹೇಳ್ದೆ. ಒಂದು ಗೀರೂ ಇರ್ಲಿಲ್ಲ ಅಂತ. ಬರ್ಕೊಂಡ. ಕೈ ಕುಲುಕಿ ಹೋದ."

ಈಗ ಹೇಳು, ಅಂದುಕೊಂಡಳು ಕಿಯೋನಾ. ಬಾಯಿ ತೆರೆದಳು.

"ನೀನು ಅವತ್ತು ಆ ಮಾತು ಹೇಳ್ದೆ ಇದ್ದಿದ್ರೆ ನಾನು ಸತ್ತೇ ಹೋಗ್ತಿದ್ದೆ ಮಗಳೇ," ಅಂದರು ಮಿಸ್ ಆಲ್ಮೆಟಾ. "ರಾತ್ರಿ ಕಣ್ಣು ಮುಚ್ಚಿದ್ರೆ ಅದೊಂದೇ ಮಾತು ಹಿಡ್ಕೊಂಡು ಮಲಗ್ತೀನಿ."

ಕಿಯೋನಾ ಬಾಯಿ ಮುಚ್ಚಿದಳು. ಬಾಚಣಿಗೆಯನ್ನು ಮತ್ತೆ ಒಲೆಗೆ ಇಟ್ಟಳು. ತಲೆ ಬಾಚಿ ಮುಗಿಸಿದಳು. ಚೆನ್ನಾಗಿಯೇ ಮುಗಿಸಿದಳು. ಅವಳಿಗೆ ಕೆಟ್ಟದಾಗಿ ಕೆಲಸ ಮಾಡಲು ಬರುತ್ತಿರಲಿಲ್ಲ.

ಸೋಮವಾರ ಮಿಸ್ಟರ್ ಪ್ರೂಯಿಟ್‌ರ ಬಾಗಿಲಲ್ಲಿ ನಿಂತಳು.

"ಹೇಳ್ಬೇಕು ಸರ್. ನಾವಿಬ್ರೂ ನೋಡಿದೀವಿ."

ಅವರು ಕನ್ನಡಕ ತೆಗೆದರು. ಅರವತ್ತೆಂಟು ವರ್ಷ. ಅವರಪ್ಪ, ಬಿಳಿಯರ ಶವಸಂಸ್ಕಾರದ ಮನೆಗಳು ಮುಟ್ಟಲು ಒಲ್ಲೆ ಅಂದ ಹೆಣಗಳನ್ನು ಹೊತ್ತು ತಂದು ಈ ಮನೆ ಕಟ್ಟಿದವರು. ಅವರ ಮಗನಾದ ಇವರು ಈಗ ಕೌಂಟಿಯ ಹೆಣಗಳನ್ನು ಸಾಗಿಸುವ ಗುತ್ತಿಗೆ ಹಿಡಿದಿದ್ದರು.

"ಬಾಗಿಲು ಹಾಕು. ನಾವು ಪೊಲೀಸರಲ್ಲ. ಡಾಕ್ಟರಲ್ಲ. ಮನೆಗೆ ಕಳಿಸೋರು. ನಮ್ಮ ಜನ ಜೀವ ಇದ್ದಾಗ ಕಾಣದ ಮರ್ಯಾದೆನ ನಾವು ಒಂದು ದಿನಕ್ಕಾದ್ರೂ ಕೊಡ್ತೀವಿ. ಅದು ಸಣ್ಣ ಕೆಲಸ ಅಂದ್ಕೊಂಡಿದೀಯಾ?"

"ಮರ್ಯಾದೆ ಕೊಟ್ಟಿದ್ದು ಅವನಿಗಾ, ಆ ಪೊಲೀಸರಿಗಾ ಸರ್?"

ಅವಳ ಬಾಯಿಂದ ಅಂಥ ಮಾತು ಬಂದದ್ದು ಅವಳಿಗೇ ಹೊಸದು. ಅವರು ಕನ್ನಡಕದ ಗಾಜು ಒರೆಸಿದರು.

"ಮೊದಲು ಹಿಡಿಯೋದು ನಿನ್ನನ್ನೇ," ಅಂದರು ಆಮೇಲೆ. "ಈ ಕೆಲಸದ ಲೈಸೆನ್ಸ್ ಇಲ್ಲ ನಿಂಗೆ. ಸಾಕ್ಷಿ ಅಳಿಸಿದಳು ಅಂತ ಕೇಸು ಹಾಕ್ತಾರೆ. ಕೊಂದವನು ಮನೇಲಿರ್ತಾನೆ, ಬಣ್ಣ ಹಚ್ಚಿದವಳು ಒಳಗಿರ್ತಾಳೆ. ಈ ಊರು ಗೊತ್ತಿಲ್ವಾ ನಿಂಗೆ?"

"ಗೊತ್ತು."

"ಅಷ್ಟಕ್ಕೂ ಕುತ್ತಿಗೆದು ಇನ್ನೆಲ್ಲಿ ಉಳಿದಿರುತ್ತೆ."

"ಬೆನ್ನು ಹಾಗೇ ಇದೆ ಸರ್. ನೀವೇ ಮುಟ್ಬೇಡ ಅಂದ್ರಿ. ಕೊಳೀದ ಹಾಗೆ ಮದ್ದು ಹಾಕಿದ ಮೈ. ಆರು ವಾರಕ್ಕೆ ಏನೂ ಆಗಿರಲ್ಲ. ನಂಗಿಂತ ನಿಮಗೆ ಚೆನ್ನಾಗಿ ಗೊತ್ತು."

ಮಿಸ್ಟರ್ ಪ್ರೂಯಿಟ್ ಕನ್ನಡಕ ಹಾಕಿಕೊಂಡರು. ಮುಂದಿದ್ದ ಕಾಗದ ಓದತೊಡಗಿದರು. "ನಾಳೆ ನೀನು ಆ ಸಭೆಗೆ ಹೋದ್ರೆ, ನಾಡಿದ್ದು ಇಲ್ಲಿಗೆ ಬರಬೇಡ," ಅಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

ಮಂಗಳವಾರ ಸಭಾಂಗಣದ ಬಾಗಿಲಲ್ಲಿ ಗುಮಾಸ್ತೆ ಪೆನ್ನು ಚಾಚಿದಳು. ಮಾತಾಡುವವರು ಹೆಸರು ಬರೆಯಬೇಕು. ಕಿಯೋನಾ ಬರೆದಳು. ಒಬ್ಬ ಹುಡುಗ ತನ್ನ ಹೆಸರು ಹೊಡೆದುಹಾಕಿ ಹೋಗಿದ್ದ, ಆ ಜಾಗ ಅವಳಿಗೆ ಸಿಕ್ಕಿತು. ಏಳನೆಯದು. ಎಂಟನೆಯ ಹೆಸರು ಮಿಸ್ ಆಲ್ಮೆಟಾರದು.

ಎತ್ತರದ ಮೇಜಿನ ಹಿಂದೆ ಏಳು ಜನ ಸದಸ್ಯರು. ಐದು ಬಿಳಿ, ಎರಡು ಕಪ್ಪು. ಮಾತಾಡುವವರಿಗೆ ಕೆಳಗೊಂದು ಮೈಕು. ಮೈಕಿನ ಪಕ್ಕ ಸಣ್ಣ ದೀಪ. ಎರಡು ನಿಮಿಷ ಹಸಿರು. ಮುಗಿದರೆ ಕೆಂಪು.

ಪೊಲೀಸರ ವಕೀಲನಿಗೆ ಮಾತ್ರ ದೀಪ ಇರಲಿಲ್ಲ. ಅವನು ಗೋಡೆಯ ಮೇಲೆ ಫೋಟೋ ಹಾಕಿಸಿದ. ಪೆಟ್ಟಿಗೆಯಲ್ಲಿ ಮಲಗಿದ ಲಮಾಂಟ್. ಗೋಡೆ ತುಂಬ ಅವನ ಮುಖ, ಅವನ ಕುತ್ತಿಗೆ.

"ಕುಟುಂಬದವರೇ ತೆಗೆಸಿದ ಫೋಟೋ ಇದು. ನೀವೇ ನೋಡಿ. ಎಲ್ಲಿದೆ ಹಿಂಸೆ? ಒಂದು ಗೀರೂ ಇಲ್ಲ ಅನ್ನೋದು ನನ್ನ ಮಾತಲ್ಲ, ತಾಯಿಯ ಮಾತು."

ಕಿಯೋನಾ ಗೋಡೆ ನೋಡಿದಳು. ಎಷ್ಟು ಚೆನ್ನಾಗಿ ಮಾಡಿದ್ದೀನಿ, ಅನ್ನಿಸಿತು. ಮೇಣದ ಅಂಚು ಇಷ್ಟು ದೊಡ್ಡದು ಮಾಡಿದರೂ ಕಾಣುತ್ತಿಲ್ಲ.

ಏಳನೆಯ ಹೆಸರು ಕರೆದರು. ದೀಪ ಹಸಿರಾಯಿತು. ಕಾಲು ನಡೆದು ಹೋಯಿತು, ಬಾಯಿ ಹಿಂದೆ ಉಳಿಯಿತು.

"ಜೋರಾಗಿ ಮಾತಾಡಬೇಕು," ಅಂದ ಅಧ್ಯಕ್ಷ.

"ನಾನು ಕಿಯೋನಾ. ಹೆಣಗಳಿಗೆ ತಲೆ ಬಾಚ್ತೀನಿ. ಮುಖಕ್ಕೆ ಬಣ್ಣ ಹಚ್ತೀನಿ. ಅದು..." ಗೋಡೆಯ ಕಡೆ ಕೈ ತೋರಿಸಿದಳು. "ಅದು ನಾನು ಮಾಡಿದ್ದು."

ಏನು ಹೇಳುತ್ತಿದ್ದಾಳೆ ಅಂತ ಯಾರಿಗೂ ತಿಳಿಯಲಿಲ್ಲ. ಮೊದಲ ಸಾಲಿನಲ್ಲಿ ಮಿಸ್ ಆಲ್ಮೆಟಾ ಅವಳ ಕಡೆ ಸಣ್ಣಗೆ ತಲೆ ಆಡಿಸಿದರು, ಮಗುವಿಗೆ ಧೈರ್ಯ ಕೊಡುವ ಹಾಗೆ. ಆ ತಲೆ ಶನಿವಾರ ಅವಳೇ ಬಾಚಿದ್ದು.

ಕಿಯೋನಾ ಮೈಕು ಬಿಟ್ಟು ಅವರ ಕಡೆ ತಿರುಗಿದಳು.

"ಸಭೆಯ ಕಡೆ ತಿರುಗಿ ಮಾತಾಡಿ," ಅಂದ ಅಧ್ಯಕ್ಷ.

ಅವಳು ತಿರುಗಲಿಲ್ಲ.

"ದಯವಿಟ್ಟು ಈ ಕಡೆ."

"ಇಲ್ಲ," ಅಂದಳು. ದನಿ ಈಗ ಹಿಂದಿನ ಸಾಲಿನವರೆಗೂ ಕೇಳಿತು. "ನಾನು ಸುಳ್ಳು ಹೇಳಿದ್ದು ಇವರಿಗೆ. ಇವರಿಗೇ ಹೇಳ್ತೀನಿ. ಮಿಸ್ ಆಲ್ಮೆಟಾ, ಗೀರಿತ್ತು. ಕುತ್ತಿಗೆ ಅಡ್ಡಕ್ಕೆ ಇತ್ತು. ಕಣ್ಣಲ್ಲಿ ರಕ್ತ ಇತ್ತು. ನಾನು ಮೇಣ ಇಟ್ಟು ಮುಚ್ಚಿದೆ. ನಿಮಗೆ ಸಮಾಧಾನ ಆಗ್ಲಿ ಅಂತ ಮುಚ್ಚಿದೆ. ಅಲ್ಲ, ಅದೂ ಸುಳ್ಳು. ಮುಚ್ಚು ಅಂದ್ರು, ಮುಚ್ಚಿದೆ. ಚೆನ್ನಾಗಿ ಮುಚ್ಚಿದೆ ಅಂತ ಖುಷಿಪಟ್ಟೆ. ಅವನ ಬೆನ್ನ ಮೇಲೆ ಬೂಟಿನ ಗುರುತಿತ್ತು. ಅದನ್ನ ಮುಚ್ಚಲಿಲ್ಲ. ಯಾರೂ ನೋಡಲ್ಲ ಅಂತ ಬಿಟ್ಟೆ. ಅದು ಈಗ್ಲೂ ಇದೆ. ತೆಗೆದ್ರೆ ಸಿಗುತ್ತೆ."

ವಕೀಲ ಎದ್ದ. "ಈಕೆಗೆ ಲೈಸೆನ್ಸ್ ಇದೆಯೇ? ಏನು ಓದಿದ್ದಾರೆ?"

"ಲೈಸೆನ್ಸ್ ಇಲ್ಲ. ಹೈಸ್ಕೂಲೂ ಮುಗಿಸಿಲ್ಲ," ಅಂದಳು ಕಿಯೋನಾ. "ನಿಮ್ಮ ಕಾಗದ ಓದಕ್ಕೆ ನಂಗೆ ಬರಲ್ಲ. ನಾನು ಮೈ ನೋಡಿದೆ."

ದೀಪ ಕೆಂಪಾಯಿತು.

"ನಿಮ್ಮ ಸಮಯ ಮುಗಿಯಿತು. ಕೂತ್ಕೊಳ್ಳಿ."

ಮಿಸ್ ಆಲ್ಮೆಟಾ ಎದ್ದರು. ಕೈಚೀಲ ಕೆಳಗೆ ಬಿತ್ತು, ಎತ್ತಿಕೊಳ್ಳಲಿಲ್ಲ. ಮುಖದಲ್ಲಿ ಏನೂ ಇರಲಿಲ್ಲ. ಅಂಥ ಮುಖವನ್ನು ಕಿಯೋನಾ ಹೆಣ ತೊಳೆಯುವ ಮೇಜಿನ ಮೇಲೆ ಮಾತ್ರ ನೋಡಿದ್ದಳು. ನಡೆದು ಬಂದು ಮೈಕಿನ ಮುಂದೆ ನಿಂತರು.

"ನನ್ನದು ಎಂಟನೇ ಹೆಸರು. ನನಗೆ ಎರಡು ನಿಮಿಷ ಇದೆ. ಅದನ್ನ ಈ ಹುಡುಗಿಗೆ ಕೊಟ್ಟಿದೀನಿ."

ಅಧ್ಯಕ್ಷ ಪಕ್ಕದವರ ಮುಖ ನೋಡಿದ. ನಿಯಮದಲ್ಲಿ ಅದಕ್ಕೆ ಅವಕಾಶವಿತ್ತು. ದೀಪ ಹಸಿರಾಯಿತು.

ಮಿಸ್ ಆಲ್ಮೆಟಾ ಕುತ್ತಿಗೆಯ ಸ್ಕಾರ್ಫ್ ಬಿಚ್ಚಿದರು.

"ತೋರಿಸು."

"ಮಿಸ್ ಆಲ್ಮೆಟಾ, ನನ್ನನ್ನ ಕ್ಷಮಿ..."

"ಅದು ಆಮೇಲೆ. ಆಗದೇನೂ ಇರಬಹುದು. ಈಗ ತೋರಿಸು. ಎಲ್ಲಿಂದ ಎಲ್ಲೀತನಕ?"

ಕಿಯೋನಾ ಒಂದು ಕಿವಿಯ ಕೆಳಗಿನಿಂದ ಬೆರಳಿಟ್ಟು ಇನ್ನೊಂದರವರೆಗೆ ಎಳೆದಳು. ಈಗ ಅವಳ ಕೈ ನಡುಗುತ್ತಿತ್ತು.

"ಎಷ್ಟಗಲ?"

"ಮೂರು ಬೆರಳು."

"ಕೇಳಿಸ್ತಾ ನಿಮಗೆ?" ಅಂದರು ಮಿಸ್ ಆಲ್ಮೆಟಾ, ಮೇಲಿನ ಏಳು ಜನರಿಗೆ. ಇಬ್ಬರು ಕಪ್ಪು ಸದಸ್ಯರಲ್ಲಿ ಒಬ್ಬ ತಲೆ ತಗ್ಗಿಸಿ ಕೂತಿದ್ದ. ಮಿಸ್ ಆಲ್ಮೆಟಾ ಕಿಯೋನಾಗೆ ಬೆನ್ನು ಮಾಡಿ ನಿಂತರು. "ಬೂಟು?"

ಕಿಯೋನಾ ಎರಡು ಹೆಗಲ ಮೂಳೆಗಳ ನಡುವೆ ಅಂಗೈಯ ಬುಡ ಇಟ್ಟಳು. ಅಂಗಿಯ ಕೆಳಗೆ ಮೈ ಬಿಸಿಯಾಗಿತ್ತು.

"ಇಲ್ಲಿ."

"ಒತ್ತು."

"ಆಗಲ್ಲ ಮ್ಯಾಮ್."

"ಅವರಿಗೆ ಆಯ್ತಲ್ಲ. ಒತ್ತು ಅಂದೆ."

ಅವಳು ಒತ್ತಿದಳು. ಮಿಸ್ ಆಲ್ಮೆಟಾ ಮುಂದಕ್ಕೆ ಬಾಗಿ ಮೈಕಿನ ಕಂಬ ಹಿಡಿದುಕೊಂಡರು. ಎದೆಯೊಳಗಿದ್ದ ಉಸಿರೆಲ್ಲ ಒಮ್ಮೆಗೇ ಬಾಯಿಂದ ಹೊರಬಿದ್ದು, ಮೈಕಿನ ಮೂಲಕ ಇಡೀ ಸಭಾಂಗಣಕ್ಕೆ ಕೇಳಿಸಿತು.

ಕಿಯೋನಾ ಬೆಚ್ಚಿ ಕೈ ಹಿಂದಕ್ಕೆಳೆದುಕೊಳ್ಳಲು ಹೋದಳು.

"ತೆಗೀಬೇಡ," ಅಂದರು ಮಿಸ್ ಆಲ್ಮೆಟಾ, ಉಸಿರಿಲ್ಲದ ದನಿಯಲ್ಲಿ. ಕಣ್ಣು ಮೇಲಿನ ಮೇಜಿನ ಮೇಲೇ ಇತ್ತು. "ಇನ್ನೂ ಟೈಮಿದೆ. ನೋಡ್ಲಿ."